ಬಿಲಿಯರ್ಡ್ಸ್ ಉದ್ಯಮದ ಬಗ್ಗೆ ಬರೆಯುವಾಗ ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ಕ್ಯೂಪ್ರಿಯ, ಮೈಸೂರು

ಬಿಲಿಯರ್ಡ್ಸ್ ಮತ್ತು ಸ್ನೂಕರ್ ಉದ್ಯಮದ ಚರಿತ್ರೆಯನ್ನು ಕುರಿತು ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಪಂಕಜ್ ಅಡ್ವಾಣಿಯವರು ಒಂದರ ಮೇಲೊಂದು ವಿಶ್ವ ಪ್ರಶಸ್ತಿ ಗೆದ್ದ ಕಾರಣ ಆಟದ ಬಗ್ಗೆ ಕನ್ನಡದಲ್ಲಿ ಅಷ್ಟಿಷ್ಟು ಬರಹ ಬಂದಿದೆ. ಆದರೆ ಮೇಜು, ಚೆಂಡು, ಕ್ಯೂ (ಚೆಂಡು ಹೊಡೆಯುವ ಕೋಲು) ಮಾಡಿ ಮಾರುವವರು, ಪಂದ್ಯಾವಳಿ ನಡೆಸುವವರು, ಪ್ರಾಯೋಜಕರು, ಬಾಜಿ ಕಟ್ಟಿಸುವ ಕಂಪನಿಗಳು ಇವರ ವ್ಯವಹಾರವನ್ನು ಒರೆಗೆ ಹಚ್ಚಿದ ಲೇಖನ ನನ್ನ ಕಣ್ಣಿಗೆ ಬಿದ್ದಿಲ್ಲ.

ನನಗೆ ತೊಡಕಾಗಿರುವುದು ಆನೆಯ ಕಥೆ. ಬಿಲಿಯರ್ಡ್ಸ್ ಚೆಂಡುಗಳಿಗಾಗಿ ಆನೆಗಳು ಸಾಯುತ್ತಿದ್ದವು, 1863ರ ಸುಮಾರಿಗೆ ನ್ಯೂಯಾರ್ಕಿನ ಫೆಲನ್ ಮತ್ತು ಕೊಲೆಂಡರ್ ಕಂಪನಿ ದಂತಕ್ಕೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಘೋಷಿಸಿತು, ಜಾನ್ ವೆಸ್ಲಿ ಹಯಾಟ್ ಎಂಬ ಮುದ್ರಣಗಾರ ಸೆಲ್ಯುಲಾಯ್ಡ್ ಎಂಬ ಆರಂಭಕಾಲದ ಪ್ಲಾಸ್ಟಿಕ್ ತಯಾರಿಸಿದ, ಆನೆಗಳು ಉಳಿದವು ಎಂಬ ಈ ಕಥೆ ಎಲ್ಲೆಡೆ ಒಂದೇ ಧಾಟಿಯಲ್ಲಿ ಸಿಗುತ್ತದೆ. ಇದರ ಕೊನೆಯ ಭಾಗವನ್ನು ನಾನು ಅನುಮಾನಿಸಿ ಬರೆದಿದ್ದೇನೆ. ಕರಡನ್ನು ಓದಿದ ಹಿರಿಯ ಆಟಗಾರರೊಬ್ಬರು, ಈ ಆಟಕ್ಕೆ ಜೂಜಿನ ಅಡ್ಡೆಯ ಹೆಸರು ಮೊದಲೇ ಅಂಟಿಕೊಂಡಿರುವಾಗ ಗಾಯದ ಮೇಲೆ ನೀವೂ ಏಕೆ ಬರೆ ಎಳೆಯುತ್ತೀರಿ ಎಂದು ಬೇಸರಪಟ್ಟರು. ಕಥೆಯಲ್ಲಿ ಎಷ್ಟು ನಿಜವಿದೆ, ಮತ್ತು ಉದ್ಯಮದ ಬಗ್ಗೆ ಕಟುವಾಗಿ ಬರೆದವರ ಅನುಭವ ಏನಾಗಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಳೆಕಡತ

ಕಥೆಯನ್ನು ಅನುಮಾನಿಸುವ ಮೊದಲು ಅದನ್ನು ಯಾರು ಹೇಳಲಾರಂಭಿಸಿದರು ಎಂದು ನೋಡುವುದು ಒಳ್ಳೆಯದು. ಮೈಕೆಲ್ ಫೆಲನ್ ಬರಿಯ ಕಾರ್ಖಾನೆಯ ಮಾಲೀಕನಲ್ಲ. 1850ರಲ್ಲಿ ಅಮೆರಿಕದ ಮೊದಲ ಬಿಲಿಯರ್ಡ್ಸ್ ಪುಸ್ತಕವನ್ನು ಬರೆದವನು ಅವನೇ, 1859ರಲ್ಲಿ ಡೆಟ್ರಾಯಿಟ್‌ನಲ್ಲಿ ಜಾನ್ ಸೀರೈಟರ್ ಎಂಬುವನ ಎದುರು 15,000 ಡಾಲರ್ ಪಣದ ಪಂದ್ಯ ಗೆದ್ದು ದೇಶದಾದ್ಯಂತ ಹೆಸರಾದವನು ಅವನೇ, ಚೆಂಡು ಪುಟಿಯುವ ಅಂಚುಪಟ್ಟಿಗಳಾದ ತನ್ನ ಪೇಟೆಂಟ್ ಕುಶನ್‌ಗಳನ್ನು ಕೂರಿಸಿದ ಮೇಜುಗಳನ್ನು ಮಾರುತ್ತಿದ್ದವನೂ ಅವನೇ. ಆಡುವವನು, ಬರೆಯುವವನು, ಮಾರುವವನು ಮೂವರೂ ಒಬ್ಬನೇ ಆಗಿರುವಾಗ ಆಟವನ್ನು ಹೊಗಳಿದ ಮಾತು ಎಲ್ಲಿ ಮುಗಿಯಿತು, ಸರಕನ್ನು ಹೊಗಳಿದ ಮಾತು ಎಲ್ಲಿ ಶುರುವಾಯಿತು ಎಂದು ಓದುಗನು ಬೇರ್ಪಡಿಸುವುದು ಹೇಗೆ? ಈ ಉದ್ಯಮದ ಮೇಲಿನ ಬರವಣಿಗೆ ಹುಟ್ಟಿದ್ದೇ ಈ ಅಂಗಡಿಯಲ್ಲಿ. ಇಂದಿಗೂ ಅದರ ಬಗ್ಗೆ ಟೀಕೆ ಬಂದರೆ ಮನೆಯವರೇ ಮನೆಯ ಮಾತನ್ನು ಬೀದಿಗೆ ತಂದರೆಂಬ ಸಿಟ್ಟು ಏಳುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ಬಹುಮಾನದ ಹಿಂದೆ ಆನೆಯ ಮೇಲಿನ ಕರುಣೆಗಿಂತ ದಂತದ ಬೆಲೆಯ ಚಿಂತೆಯೇ ಹೆಚ್ಚಿತ್ತು. ಬಿಲಿಯರ್ಡ್ಸ್ ಚೆಂಡಿಗೆ ಸಿಕ್ಕಿದ ದಂತವೆಲ್ಲ ಆಗುವುದಿಲ್ಲ. ಬಿರುಕಿಲ್ಲದ ಸಣ್ಣ ದಂತ ಬೇಕು, ಅದರ ನಡುವೆ ಹಾದುಹೋಗುವ ನರದ ಗೆರೆ ಚೆಂಡಿನ ಮಧ್ಯಬಿಂದುವಿನಲ್ಲೇ ಬರುವಂತೆ ಕಡೆಯಬೇಕು, ಕಡೆದ ಮೇಲೆ ಬಹುಕಾಲ ಒಣಗಲು ಬಿಡಬೇಕು. ಒಂದು ದಂತದಿಂದ ಕೆಲವೇ ಚೆಂಡುಗಳು ಸಿಗುತ್ತಿದ್ದವು, ಅವೂ ಹವೆ ಬದಲಾದರೆ ಸೀಳುತ್ತಿದ್ದವು ಅಥವಾ ದುಂಡಗಿನ ಆಕಾರ ಕಳೆದುಕೊಳ್ಳುತ್ತಿದ್ದವು. ಮೇಜುಗಳ ಮಾರಾಟ ಏರುತ್ತಿದ್ದಾಗ ಇಂಥ ಕಚ್ಚಾವಸ್ತುವನ್ನು ನಂಬಿ ಕೂರಲು ಯಾವ ವ್ಯಾಪಾರಿಯೂ ಒಪ್ಪಲಾರ.

ಹಯಾಟ್ 1869ರಲ್ಲಿ ಚೆಂಡಿನ ಹೊದಿಕೆಗೆ, 1870ರಲ್ಲಿ ತನ್ನ ಸಹೋದರನೊಂದಿಗೆ ಸೆಲ್ಯುಲಾಯ್ಡ್ ತಯಾರಿಕೆಗೆ ಪೇಟೆಂಟ್ ಪಡೆದದ್ದು ನಿಜ. ಆ ಬಹುಮಾನ ಅವನ ಕೈಸೇರಿತೆಂಬುದಕ್ಕೆ ದಾಖಲೆ ಇಲ್ಲ. ಚೆಂಡು ಸಿಡಿಯುತ್ತಿತ್ತೆಂಬ ಪ್ರಸಿದ್ಧ ಪ್ರಸಂಗಕ್ಕೂ ಹಯಾಟನೇ ಮೂಲ. 1914ರಲ್ಲಿ ಪರ್ಕಿನ್ ಪದಕ ಸ್ವೀಕರಿಸಿ ಮಾತನಾಡುವಾಗ ಅವನು, ಕೊಲೊರಾಡೊದ ಸಲೂನಿನ ಮಾಲೀಕನೊಬ್ಬ ತನಗೆ ಪತ್ರ ಬರೆದು, ಚೆಂಡುಗಳು ತಾಗಿದಾಗ ಆಗಾಗ ಸಣ್ಣ ಸಿಡಿತ ಕೇಳುತ್ತದೆ, ಅದು ತನಗೇನೂ ತೊಂದರೆಯಲ್ಲ, ಆದರೆ ಆ ಸದ್ದಿಗೆ ಕೋಣೆಯಲ್ಲಿರುವವರೆಲ್ಲ ಪಿಸ್ತೂಲು ಹಿರಿಯುತ್ತಾರೆ ಎಂದು ತಿಳಿಸಿದ್ದಾಗಿ ಹೇಳಿಕೊಂಡ. ನಕ್ಕು ಮರೆಯಬೇಕಾದ ಮಾತು ಬರಬರುತ್ತ ಚರಿತ್ರೆಯಾಯಿತು.

ಇನ್ನು ಆನೆಗಳು ಉಳಿದವೇ? ಸೆಲ್ಯುಲಾಯ್ಡ್ ಬಂದ ಮೇಲೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಫ್ರಿಕಾದಿಂದ ದಂತದ ರಫ್ತು ಏರುತ್ತಲೇ ಹೋಯಿತು. ಪಿಯಾನೊದ ಕೀಲಿಮಣೆಗೆ, ಚಾಕುವಿನ ಹಿಡಿಗೆ, ಬಾಚಣಿಗೆಗೆ ಅದು ಬೇಕಾಗಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಪಿಯಾನೊಗಳಿಗಾಗಿ ದಂತ ಕೊಯ್ಯುವ ಕಾರ್ಖಾನೆಯಿದ್ದ ಒಂದು ಊರಿಗೆ ಐವರಿಟನ್ ಎಂದೇ ಹೆಸರು. ಇಂಗ್ಲೆಂಡಿನ ವೃತ್ತಿಪರ ಬಿಲಿಯರ್ಡ್ಸ್ ಆಟಗಾರರು 1920ರ ದಶಕದಲ್ಲೂ ದಂತದ ಚೆಂಡನ್ನು ಬಿಡಲು ಹಿಂಜರಿಯುತ್ತಿದ್ದರು. ಇದರ ಜೊತೆಗೆ ಕರ್ಪೂರದ ಲೆಕ್ಕವನ್ನೂ ಸೇರಿಸಿ. ಸೆಲ್ಯುಲಾಯ್ಡನ್ನು ಮೆತ್ತಗಾಗಿಸಲು ಕರ್ಪೂರ ಬೇಕೇಬೇಕು, ಅಂದಿನ ಕರ್ಪೂರದ ಬಹುಪಾಲು ಬರುತ್ತಿದ್ದುದು ತೈವಾನಿನ ಬೆಟ್ಟದ ಕಾಡುಗಳಿಂದ. 1895ರಲ್ಲಿ ಆ ದ್ವೀಪವನ್ನು ವಶಪಡಿಸಿಕೊಂಡ ಜಪಾನ್ 1899ರಲ್ಲಿ ಕರ್ಪೂರವನ್ನು ಸರ್ಕಾರಿ ಏಕಸ್ವಾಮ್ಯಕ್ಕೆ ತಂದುಕೊಂಡಿತು, ಕಾವಲು ಗೆರೆಗಳನ್ನು ಮುಂದೆ ಮುಂದೆ ಒತ್ತುತ್ತ ಅಲ್ಲಿನ ಮೂಲನಿವಾಸಿಗಳನ್ನು ಅವರ ಕಾಡಿನಿಂದ ಹಿಂದಕ್ಕೆ ತಳ್ಳಿತು. ಉದ್ಯಮ ಹೇಳುವ ಕಥೆಯಲ್ಲಿ ಆ ಜನರಿಗೆ ಸ್ಥಳವಿಲ್ಲ.

ಉತ್ತರ: ಮಾರ್ಕರ್ ಮಗ

ಹಳೆಕಡತ ಅವರ ವಿವರಣೆಯ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಕಡೆಗೆ ವಾಲಿದ ತೂಕವಿದೆ. ಹಯಾಟನ ಚೆಂಡು ಆಡಲು ಬಾರದ ಕಳಪೆ ಸರಕಾಗಿತ್ತೆಂಬ ಭಾವನೆ ಬಹಳ ದಿನ ಪ್ರಚಾರದಲ್ಲಿತ್ತು. 2023ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನ ಅದನ್ನು ಬುಡಮೇಲು ಮಾಡಿದೆ. ಸಂಗ್ರಹಾಲಯದಲ್ಲಿರುವ ಹಳೆಯ ಚೆಂಡುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸೆಲ್ಯುಲಾಯ್ಡ್ ಜೊತೆಗೆ ದನದ ಮೂಳೆಯ ಪುಡಿ ಬೆರೆತಿರುವುದು ಕಂಡುಬಂದಿತು. ಮೂಳೆಯ ಪುಡಿ ಚೆಂಡಿಗೆ ದಂತದ ತೂಕವನ್ನೂ ಪುಟಿತವನ್ನೂ ಕೊಡುತ್ತಿತ್ತು. ಇಂಥ ಚೆಂಡುಗಳು ದಶಕಗಟ್ಟಲೆ ಮಾರಾಟವಾದವು. ದೊಡ್ಡ ಪಂದ್ಯಗಳ ಆಟಗಾರರು ದಂತವನ್ನೇ ಹಿಡಿದು ಕುಳಿತಿರಬಹುದು, ಊರೂರಿನ ಸಾಮಾನ್ಯ ಕೊಠಡಿಗಳಲ್ಲಿ ಆಡುತ್ತಿದ್ದವರಿಗೆ ಅಗ್ಗದ, ಸೀಳದ ಚೆಂಡನ್ನು ಕೊಟ್ಟವನು ಹಯಾಟನೇ. ದಂತದ ವ್ಯಾಪಾರ ನಿಲ್ಲಲಿಲ್ಲವೆಂಬುದು ಸರಿ, ಆದರೆ ಬದಲಿ ಚೆಂಡು ಇಲ್ಲದಿದ್ದರೆ ಅದು ಇನ್ನೆಷ್ಟು ಬೆಳೆಯುತ್ತಿತ್ತು ಎಂಬುದನ್ನೂ ಯೋಚಿಸಬೇಕಲ್ಲವೇ?

ಕ್ಯೂಪ್ರಿಯ ಅವರ ಕರಡನ್ನು ಓದಿ ಬೇಸರಪಟ್ಟ ಹಿರಿಯರ ಮಾತನ್ನೂ ತಳ್ಳಿಹಾಕಬಾರದು. ನಮ್ಮ ತಂದೆ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದರು. ಸದಸ್ಯರ ಅಂಕ ಎಣಿಸಿ, ಮೇಜಿನ ಬಟ್ಟೆಗೆ ಬ್ರಷ್ ಹಾಕಿ, ಇಸ್ತ್ರಿ ಮಾಡಿ ಮನೆಗೆ ಬಂದರೆ ಮಗನನ್ನು ಆ ಆಟಕ್ಕೆ ಹಚ್ಚಬೇಡ ಎಂದು ನೆಂಟರು ಎಚ್ಚರಿಸುತ್ತಿದ್ದರು. ಉದ್ಯಮವನ್ನು ಟೀಕಿಸುವಾಗ ಕಲ್ಲು ಬೀಳುವುದು ಕಂಪನಿಯ ಮೇಲಲ್ಲ, ಇಂಥವರ ಮೇಲೆ. ಯಾರನ್ನು ಕುರಿತು ಬರೆಯುತ್ತಿದ್ದೀರಿ ಎಂಬುದನ್ನು ಪ್ರತಿ ವಾಕ್ಯದಲ್ಲೂ ಸ್ಪಷ್ಟಪಡಿಸಿದರೆ ಸಾಕು.

ಉತ್ತರ: ಲೆಸ್ಟರ್‌ವಾಸಿ

ಕಟುವಾಗಿ ಬರೆದವರ ಅನುಭವ ಏನಾಯಿತೆಂದು ಕೇಳಿದ್ದೀರಿ. ಇಂಗ್ಲೆಂಡಿನ ಒಂದು ಪ್ರಕರಣವನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. 2010ರ ಮೇ 2ರಂದು, ಶೆಫೀಲ್ಡ್‌ನಲ್ಲಿ ವಿಶ್ವ ಸ್ನೂಕರ್ ಫೈನಲ್ ನಡೆಯುತ್ತಿದ್ದಾಗಲೇ, ನ್ಯೂಸ್ ಆಫ್ ದಿ ವರ್ಲ್ಡ್ ಎಂಬ ಭಾನುವಾರದ ಪತ್ರಿಕೆ ಸ್ನೂಕರ್ ಆಟಗಾರ ಜಾನ್ ಹಿಗಿನ್ಸ್ ಮತ್ತು ಅವರ ವ್ಯವಸ್ಥಾಪಕರು ಹಣಕ್ಕಾಗಿ ನಾಲ್ಕು ಫ್ರೇಮ್‌ಗಳನ್ನು (ಪಂದ್ಯದೊಳಗಿನ ಸುತ್ತುಗಳನ್ನು) ಸೋಲಲು ಒಪ್ಪಿದರೆಂದು ಗುಪ್ತ ಕ್ಯಾಮೆರಾದ ಚಿತ್ರಣದೊಂದಿಗೆ ಪ್ರಕಟಿಸಿತು. ಯುಕ್ರೇನಿನ ಕೀವ್ ನಗರಕ್ಕೆ ಅವರನ್ನು ಕರೆಸಿಕೊಂಡ ಉದ್ಯಮಿಗಳು ನಿಜವಾಗಿ ಪತ್ರಿಕೆಯ ವೇಷಧಾರಿಗಳು. ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ನ್ಯಾಯಮಂಡಳಿ ವಿಚಾರಣೆ ನಡೆಸಿದಾಗ ಹಿಗಿನ್ಸ್ ಮೇಲಿನ ಗುರುತರ ಆರೋಪಗಳು ಬಿದ್ದುಹೋದವು. ಒಪ್ಪಿದಂತೆ ತೋರಿಸಿಕೊಂಡದ್ದು ಮತ್ತು ಆಮಿಷವನ್ನು ಸ್ನೂಕರ್ ಆಡಳಿತ ಸಂಸ್ಥೆಗೆ ವರದಿ ಮಾಡದೆ ಇದ್ದದ್ದು ಇವಕ್ಕಾಗಿ ಆರು ತಿಂಗಳ ನಿಷೇಧ ಮತ್ತು 75,000 ಪೌಂಡ್ ದಂಡ ವಿಧಿಸಲಾಯಿತು. ಮರುವರ್ಷ ಅವರೇ ವಿಶ್ವ ಚಾಂಪಿಯನ್ ಆದರು. ಅದೇ 2011ರಲ್ಲಿ ಆ ಪತ್ರಿಕೆ ಫೋನ್ ಕದ್ದಾಲಿಕೆಯ ಹಗರಣದಲ್ಲಿ ಮುಚ್ಚಿಹೋಯಿತು. ವೇಷ ಹಾಕಿ ಬಲೆ ಬೀಸಿದ ಮಜರ್ ಮಹಮೂದ್ ಎಂಬ ವರದಿಗಾರ ಬೇರೊಂದು ಪ್ರಕರಣದಲ್ಲಿ ನ್ಯಾಯದ ಹಾದಿ ತಪ್ಪಿಸಲು ಸಂಚು ಹೂಡಿದ್ದಕ್ಕಾಗಿ 2016ರಲ್ಲಿ ಜೈಲಿಗೆ ಹೋದ.

ಇಲ್ಲಿ ಬರೆದವನ ಕೈ ಶುದ್ಧವಾಗಿರಲಿಲ್ಲ, ಬರೆಸಿಕೊಂಡವರೂ ಪೂರ್ತಿ ನಿರಪರಾಧಿಗಳಲ್ಲ. ಆದರೆ ಗದ್ದಲದಲ್ಲಿ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ ಬೇರೆಯೇ ಇತ್ತು. ಆ ವರ್ಷದ ವಿಶ್ವ ಪಂದ್ಯಾವಳಿಯ ಪ್ರಾಯೋಜಕರೇ ಬೆಟ್‌ಫ್ರೆಡ್ ಎಂಬ ಬಾಜಿ ಕಂಪನಿ. 1976ರಿಂದ 2005ರವರೆಗೆ ಎಂಬಸಿ ಸಿಗರೇಟು ಹೊತ್ತು ಸಾಗಿದ ಪಂದ್ಯಾವಳಿ, ತಂಬಾಕಿನ ಜಾಹೀರಾತಿಗೆ ಕಾನೂನು ಬಾಗಿಲು ಮುಚ್ಚಿದ ಕೂಡಲೇ ಬಾಜಿಯ ಹಣದತ್ತ ಹೊರಳಿತ್ತು. ವೇಷಧಾರಿ ಪತ್ರಕರ್ತನ ಬಲೆಗಿಂತ ಈ ನಂಟನ್ನು ಕುರಿತು ಸಾವಧಾನವಾಗಿ ಬರೆದ ಲೇಖನ ನನಗೆ ಹೆಚ್ಚು ಬೆಲೆಯುಳ್ಳದ್ದು. ಅಂಥದ್ದು ಮಾತ್ರ ಮುಖಪುಟಕ್ಕೆ ಬರುವುದಿಲ್ಲ.

ಉತ್ತರ: ಎಂಟನೆಯ ಚೆಂಡು

ಪೂಲ್ ಆಟದ ಕಡೆಯಿಂದ ಒಂದು ಉದಾಹರಣೆ. 2005ರಲ್ಲಿ ಅಮೆರಿಕದ ಕೆವಿನ್ ಟ್ರೂಡೊ ಅಂತರರಾಷ್ಟ್ರೀಯ ಪೂಲ್ ಟೂರ್ ಆರಂಭಿಸಿದಾಗ ಆಟಗಾರರು ಹಿಂದೆಂದೂ ಕಾಣದ ಬಹುಮಾನದ ಮಾತುಗಳು ಕೇಳಿಬಂದವು. ಆತನಿಗೆ ಹಿಂದೆ ಕಳವು ಮತ್ತು ಕ್ರೆಡಿಟ್ ಕಾರ್ಡ್ ವಂಚನೆಯಲ್ಲಿ ಶಿಕ್ಷೆಯಾಗಿತ್ತು. 2004ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಆದ ಒಪ್ಪಂದದಂತೆ ಪುಸ್ತಕಗಳನ್ನು ಬಿಟ್ಟು ಬೇರಾವ ಸರಕನ್ನೂ ಟೀವಿಯ ದೀರ್ಘ ಜಾಹೀರಾತಿನಲ್ಲಿ ಮಾರಕೂಡದೆಂಬ ನಿರ್ಬಂಧವೂ ಇತ್ತು. ಇವೆಲ್ಲ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆಗಳು. ಪಂದ್ಯಾವಳಿಯ ಸಂಭ್ರಮದಲ್ಲಿ ಅವುಗಳನ್ನು ನೆನಪಿಸುವುದೇ ಅಪಶಕುನವೆನಿಸಿತ್ತು.

2006ರ ಸೆಪ್ಟೆಂಬರ್‌ನಲ್ಲಿ ರೀನೊ ನಗರದಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ 5 ಲಕ್ಷ ಡಾಲರ್ ಬಹುಮಾನದ ಪಂದ್ಯಾವಳಿ ಗೆದ್ದರು. ಅದಾದ ಮೇಲೆ ಬಹುಮಾನದ ಹಣ ಸಕಾಲಕ್ಕೆ ಬರಲಿಲ್ಲ, ಕಂತುಗಳ ಮಾತು ಬಂತು. ಅಕ್ಟೋಬರ್‌ನಲ್ಲಿ ಅಮೆರಿಕ ಅಂತರ್ಜಾಲದ ಜೂಜಿನ ಹಣ ಪಾವತಿಗೆ ಕಡಿವಾಣ ಹಾಕುವ ಕಾನೂನು ತಂದಿತು, ಟೂರ್ ಮತ್ತೆ ಏಳಲಿಲ್ಲ. ಟ್ರೂಡೊ 2014ರಲ್ಲಿ ಪೂಲ್‌ಗೆ ಸಂಬಂಧವಿಲ್ಲದ ಪ್ರಕರಣದಲ್ಲಿ, ನ್ಯಾಯಾಂಗ ನಿಂದನೆಗಾಗಿ, ಹತ್ತು ವರ್ಷದ ಶಿಕ್ಷೆಗೆ ಗುರಿಯಾದ. ಆಟಕ್ಕೆ ಕೆಟ್ಟ ಹೆಸರು ತರಬೇಡಿ ಎನ್ನುವ ಹಿರಿಯರಿಗೆ ಈ ಪ್ರಕರಣವನ್ನು ತೋರಿಸಿ. ಸುಮ್ಮನಿದ್ದದ್ದರ ಬೆಲೆಯನ್ನು ತೆತ್ತವರು ಪ್ರಯಾಣದ ಖರ್ಚನ್ನು ತಾವೇ ಹಾಕಿಕೊಂಡು ಹೋದ ಆಟಗಾರರು.

ಪ್ರತಿಕ್ರಿಯೆ: ಕ್ಯೂಪ್ರಿಯ, ಮೈಸೂರು

ಎಲ್ಲರಿಗೂ ಧನ್ಯವಾದ. ಮೂಳೆಪುಡಿಯ ಅಧ್ಯಯನವನ್ನೂ ಕರ್ಪೂರದ ವಿಚಾರವನ್ನೂ ಸೇರಿಸುತ್ತೇನೆ. ಆನೆಗಳು ಉಳಿದವು ಎಂಬಲ್ಲಿ, ಚೆಂಡಿನ ತಯಾರಕರು ದಂತದ ಅವಲಂಬನೆಯಿಂದ ಬಿಡಿಸಿಕೊಂಡರು ಎಂದಷ್ಟೇ ಬರೆಯುವೆ. ಫೆಲನ್ ಪುಸ್ತಕವನ್ನು ಮಾರಾಟದ ಕರಪತ್ರವೆಂದು ಕರೆಯಬಹುದೇ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಪ್ರತಿಕ್ರಿಯೆ: ಮಾರ್ಕರ್ ಮಗ

ಹಾಗೆ ಕರೆಯಬೇಡಿ. ಕಲಿಸುವವರಿಲ್ಲದ ಊರುಗಳಲ್ಲಿ ಜನ ಆ ಪುಸ್ತಕದ ಚಿತ್ರಗಳನ್ನು ನೋಡಿ ಹೊಡೆತಗಳನ್ನು ಕಲಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. ಮೇಜು ಮಾರುವವನು ಬರೆದ ಪಾಠಪುಸ್ತಕ ಎಂದು ಬರೆಯಿರಿ, ಓದುಗರು ಉಳಿದದ್ದನ್ನು ತಾವೇ ತೂಗಿ ನೋಡುತ್ತಾರೆ.