ಪಿ.ಆರ್.ಎನ್. ಆದ್ಮೇಲೆ ಬೇಡದ ಕ್ಯಾಪಿಟಲ್: ವರ್ಡ್‌ನಲ್ಲಿ ಆಫ್ ಮಾಡೋದಾ, ಎಕ್ಸೆಪ್ಷನ್ ಹಾಕೋದಾ?

ಸರಸ್ವತಿಪುರಂ_ಎಂಟಿ · ರಾತ್ರಿ 9:12
ನನ್ನದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್, ಡಾಕ್ಟರ್ ಡಿಕ್ಟೇಶನ್ ಕೇಳಿ ವರದಿ ಟೈಪ್ ಮಾಡೋ ಕೆಲಸ. ಔಷಧಿ ಪಟ್ಟಿ ಟೈಪ್ ಮಾಡುವಾಗ ಬಿ.ಐ.ಡಿ. (ದಿನಕ್ಕೆರಡು ಸಲ) ಅಥವಾ ಪಿ.ಆರ್.ಎನ್. (ಬೇಕಾದಾಗ ಮಾತ್ರ) ಹೊಡೆದು ಸ್ಪೇಸ್ ಕೊಟ್ಟ ತಕ್ಷಣ ವರ್ಡ್ ಮುಂದಿನ ಪದವನ್ನ ಕ್ಯಾಪಿಟಲ್ ಮಾಡುತ್ತೆ. "ಪಿ.ಆರ್.ಎನ್. ಪೇನ್" ಅನ್ನೋ ಕಡೆ ಪೇನ್‌ಗೆ ದೊಡ್ಡ ಪಿ. ಕೊನೇ ಚುಕ್ಕಿಯನ್ನ ವಾಕ್ಯ ಮುಗೀತು ಅಂತ ತಿಳ್ಕೊಳ್ಳುತ್ತೆ. ಅತ್ತ "ಲಂಗ್ಸ್" ಹೆಡಿಂಗ್, ಕೋಲನ್, ಆಮೇಲೆ "ಕ್ಲಿಯರ್" ಪದಕ್ಕೆ ದೊಡ್ಡ ಸಿ ಬೇಕು, ಅಲ್ಲಿ ಸುಮ್ಮನೆ ಕೂತಿರುತ್ತೆ. ಹಿಂದೆ ಹೋಗಿ ತಿದ್ದುತ್ತಾ ಕೂತರೆ ಲೈನ್ ಕೌಂಟ್ ಬೀಳುತ್ತೆ, ಕಾಸು ಬರೋದು ಲೈನ್ ಲೆಕ್ಕದಲ್ಲೇ. ಈ ಸೌಲಭ್ಯ ಪೂರ್ತಿ ಆಫ್ ಮಾಡೋದು ಒಳ್ಳೇದಾ, ಎಕ್ಸೆಪ್ಷನ್ ಹಾಕೋದಾ?

ಹಾಟ್‌ಸ್ಟ್ರಿಂಗ್ · 9:31
ಆಫ್. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ಅಲ್ಲಿ "ಕ್ಯಾಪಿಟಲೈಸ್ ಫಸ್ಟ್ ಲೆಟರ್ ಆಫ್ ಸೆಂಟೆನ್ಸಸ್" ಮುಂದಿನ ಟಿಕ್ ತೆಗೆದುಬಿಡಿ, ಮುಗೀತು. ಕ್ಯಾಪಿಟಲ್ ಬೇಕಾದ ಕಡೆ ಎಕ್ಸ್‌ಪಾಂಡರ್ (ಶಾರ್ಟ್‌ಕಟ್ ಒತ್ತಿದರೆ ಪೂರ್ತಿ ಪದ ಹಾಕೋ ಪ್ರೋಗ್ರಾಂ) ಕೈಲಿ ಮಾಡಿಸಿ. ಎಲ್‌ಎಲ್‌ಸಿ ಅಂತ ಮೂರು ಅಕ್ಷರ ಒತ್ತಿದರೆ ಲಂಗ್ಸ್ ಹೆಡಿಂಗ್ ಪೂರ್ತಿ ಕ್ಯಾಪಿಟಲ್‌ನಲ್ಲಿ, ಕೋಲನ್, ಆಮೇಲೆ "ಕ್ಲಿಯರ್ ಟು ಆಸ್ಕಲ್ಟೇಶನ್ ಬೈಲ್ಯಾಟರಲಿ" ದೊಡ್ಡ ಸಿ ಸಮೇತ ಬಂದು ಬೀಳಬೇಕು. ಯೋಚನೆ ಮಾಡೋ ಕೆಲಸ ವರ್ಡ್‌ಗೆ ಕೊಡಬಾರದು.

ಕ್ಯೂಎ_ಕಣ್ಣು · 9:50
"ಟಿಕ್ ತೆಗೆದುಬಿಡಿ, ಮುಗೀತು." ನಿಮಗೆ ಮುಗಿಯುತ್ತೆ, ಫೈಲ್ ತಪ್ಪು ಹುಡುಕೋ ನಮ್ಮ ಕ್ಯೂಎ ಸರದಿಗೆ ಬಂದಾಗ ನಮಗೆ ಶುರುವಾಗುತ್ತೆ. ವರ್ಷಗಟ್ಟಲೆ ವರ್ಡ್ ಮೇಲೆ ಭಾರ ಹಾಕಿದ ಬೆರಳು ಶಿಫ್ಟ್ ಮರೆತಿರುತ್ತೆ. ಟಿಕ್ ತೆಗೆದ ಮೇಲೆ ವಾಕ್ಯಕ್ಕೊಂದು ಸ್ಮಾಲ್ ಲೆಟರ್ ಶುರು. ಅದೇ ಕಿಟಕಿಯಲ್ಲಿ ಎಕ್ಸೆಪ್ಷನ್ಸ್ ಬಟನ್ ಇದೆ, ಒಳಗೆ ಫಸ್ಟ್ ಲೆಟರ್ ಟ್ಯಾಬ್. ಬಿ.ಐ.ಡಿ., ಟಿ.ಐ.ಡಿ., ಕ್ಯೂ.ಐ.ಡಿ., ಪಿ.ಆರ್.ಎನ್., ಪಿ.ಓ., ಎ.ಸಿ. ಇಷ್ಟು ಸೇರಿಸಿದರೆ ಮುಕ್ಕಾಲು ತಲೆನೋವು ಹೋಯ್ತು. ಕೆಳಗಿರುವ "ಆಟೋಮ್ಯಾಟಿಕಲಿ ಆ್ಯಡ್ ವರ್ಡ್ಸ್ ಟು ಲಿಸ್ಟ್" ಟಿಕ್ ಇದ್ದರೆ ಬ್ಯಾಕ್‌ಸ್ಪೇಸ್ ಒತ್ತಿ ಮತ್ತೆ ಸ್ಮಾಲ್ ಹೊಡೆದಾಗ ಅದೇ ಕಲಿತುಕೊಳ್ಳುತ್ತೆ. ಮತ್ತೆ, ಕ್ಯೂ.ಡಿ. ಮಾತ್ರ ಆ ಪಟ್ಟಿಗೆ ಹಾಕಬೇಡಿ. ಅದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ 2004ರಲ್ಲಿ ತಂದ "ಬಳಸಬಾರದು" ಪಟ್ಟಿಯಲ್ಲಿದೆ, "ಡೈಲಿ" ಅಂತಲೇ ಬಿಡಿಸಿ ಬರೀಬೇಕು.

ಮಂಡ್ಯದ್_ಐದ · 10:04
ಬೆರಳು ಶಿಫ್ಟ್ ಮರ್ತಿರುತ್ತೆ ಅಂತೀರಲ್ಲ ಮೇಡಮ್ಮೋರೆ, ನೆನಪಿಟ್ಕಂಡು ಒತ್ತುದ್ರೆ ಕಾಸ್ ಕೊಡೋರ್ಯಾರು? ಒಂದು ಕ್ಯಾಪಿಟಲ್‌ಗೆ ಎಲ್ಡು ಕೀಲಿ ಒತ್ಬೇಕು, ಲೆಕ್ಕಕ್ಕೆ ಬರೋದು ಒಂದೇ ಅಕ್ಸರ. 65 ಅಕ್ಸರಕ್ಕೆ ಒಂದು ಲೈನ್ ಅಂತ ಕತ್ತರಿಸ್ತಾರೆ, ಅದ್ರಾಗೆ ಶಿಫ್ಟ್ ಎಲ್ಲೈತೆ ತೋರ್ಸಿ.

ಹಳೇ_ಪೆಡಲ್ · 10:15
ಮೊದಲು ಕೀಸ್ಟ್ರೋಕ್ ಲೆಕ್ಕ ಅಂತಲೇ ಇತ್ತು ಸ್ವಾಮಿ. ಶಿಫ್ಟ್, ಬೋಲ್ಡ್, ಅಂಡರ್‌ಲೈನ್ ಎಲ್ಲ ಸೇರಿಸಿ ಎಣಿಸೋ ಪ್ರೋಗ್ರಾಂಗಳಿದ್ದವು. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಬಂದು ಜಗಳ ಆಗ್ತಿತ್ತು, ಅದಕ್ಕೇ ಸ್ಪೇಸ್ ಸೇರಿ 65 ಅಕ್ಷರ ಅನ್ನೋದು ರೂಢಿಗೆ ಬಂತು. ಶಿಫ್ಟ್‌ಗೆ ಕಾಸು ಕೇಳೋದು ಹೊಸ ವಾದ ಏನಲ್ಲ, ಸೋತು ಹೋಗಿರೋ ವಾದ.

ಮಂಡ್ಯದ್_ಐದ · 10:19
"ಸ್ಪೇಸ್ ಸೇರಿ" ಅಂದ್ರಲ್ಲ, ಅಲ್ಲೇ ಸಿಕ್ಕಾಕ್ಕಂಡ್ರಿ. ಸೇರುಸ್ತಾವ್ರಾ ಎಲ್ರೂ? ಅಮೆರಿಕದಾಗೆ 2007ರಲ್ಲೇ ವಿಬಿಸಿ ಅಂತ ತಂದ್ರು, ವಿಸಿಬಲ್ ಬ್ಲ್ಯಾಕ್ ಕ್ಯಾರಕ್ಟರ್. ಕಣ್ಣಿಗೆ ಕಾಣೋ ಕಪ್ಪು ಅಕ್ಸರಕ್ಕೆ ಮಾತ್ರ ದುಡ್ಡು. ಶಿಫ್ಟೂ ಇಲ್ಲ, ಸ್ಪೇಸೂ ಇಲ್ಲ.

ಹಾಟ್‌ಸ್ಟ್ರಿಂಗ್ · 10:33
ವಿಬಿಸಿ ಶಿಫಾರಸು ಅಷ್ಟೇ, ಕಾನೂನಲ್ಲ. ಅದೂ ಅಲ್ಲದೆ ಸ್ಪೇಸ್ ಕಳೆದರೆ ದರ ಏರಿಸಿ ಸರಿದೂಗಿಸಬೇಕು ಅನ್ನೋದೇ ಅದರ ತರ್ಕ. ಈಗ ಲೆಕ್ಕ ನೋಡಿ. "ಅಸೆಸ್‌ಮೆಂಟ್ ಆ್ಯಂಡ್ ಪ್ಲ್ಯಾನ್" ಹೆಡಿಂಗ್ ಇಂಗ್ಲಿಷಲ್ಲಿ 10, 3, 4 ಅಕ್ಷರ, ಎರಡು ಸ್ಪೇಸ್, ಒಂದು ಕೋಲನ್, ಒಟ್ಟು 20. ವಿಬಿಸಿ ಪ್ರಕಾರ 18. ಕ್ಯಾಪ್ಸ್ ಲಾಕ್ ಹಾಕಿ ತೆಗೆಯೋಕೆ ಎರಡು ಒತ್ತು ಹೆಚ್ಚು, ಕೋಲನ್‌ಗೆ ಶಿಫ್ಟ್ ಒಂದು, ಒಟ್ಟು 23. ಎಕ್ಸ್‌ಪಾಂಡರ್‌ನಲ್ಲಿ ಎ, ಪಿ, ಸ್ಪೇಸ್. ಮೂರು ಒತ್ತಿಗೆ 20 ಅಕ್ಷರದ ಕಾಸು. ಶಿಫ್ಟ್‌ಗೆ ಸಂಬಳ ಸಿಗಲಿಲ್ಲ ಅಂತ ಅಳೋರು ಎಕ್ಸ್‌ಪಾಂಡರ್ ಕಟ್ಟಿಕೊಳ್ಳದೇ ಇರೋರು.

ಕ್ಯೂಎ_ಕಣ್ಣು · 10:41
ಎಕ್ಸ್‌ಪಾಂಡರ್ ಕಟ್ಟಿಕೊಂಡವರ ಫೈಲಲ್ಲೇ ರಕ್ತದ ಪಿಎಚ್ ಅನ್ನೋದು ಎರಡೂ ಕ್ಯಾಪಿಟಲ್ ಆಗಿ ಬರೋದು. ಪಿ ಸ್ಮಾಲ್, ಎಚ್ ಕ್ಯಾಪಿಟಲ್ ಇರಬೇಕು. ಇದು ನಿಮ್ಮ "ವರ್ಡ್‌ಗೆ ಯೋಚನೆ ಕೊಡಬಾರದು" ಪಂಗಡದವರದೇ ಸಾಧನೆ.

ಹಾಟ್‌ಸ್ಟ್ರಿಂಗ್ · 10:52
ಅದು ಆಟೋಹಾಟ್‌ಕೀ ಅನ್ನೋ ಎಕ್ಸ್‌ಪಾಂಡರ್ ಪ್ರೋಗ್ರಾಂ ಸ್ವಭಾವ, ಗೊತ್ತಿಲ್ಲದೆ ಬೈಬೇಡಿ. ಹಾಟ್‌ಸ್ಟ್ರಿಂಗ್, ಅಂದರೆ ಅದರ ಶಾರ್ಟ್‌ಕಟ್ ಬರೆದಾಗ, ನೀವು ಒತ್ತಿದ ಕೇಸ್ (ಕ್ಯಾಪಿಟಲ್ಲೋ ಸ್ಮಾಲೋ) ಹೇಗಿದೆಯೋ ಹಾಗೇ ಬದಲಿ ಪದವನ್ನೂ ಅದು ಮಾಡುತ್ತೆ. ವಾಕ್ಯದ ಮೊದಲಲ್ಲಿ ದೊಡ್ಡ ಪಿ ಹೊಡೆದರೆ ಬದಲಿಯ ಮೊದಲ ಅಕ್ಷರವೂ ದೊಡ್ಡದಾಗಿ ಎರಡೂ ಕ್ಯಾಪಿಟಲ್ ಬೀಳುತ್ತೆ. ಪರಿಹಾರ: ಹಾಟ್‌ಸ್ಟ್ರಿಂಗ್ ಶುರುವಿನ ಎರಡು ಕೋಲನ್ ಮಧ್ಯೆ ಸಿ1 ಅಂತ ಹಾಕಿ. ಆಗ ನೀವು ಯಾವ ಕೇಸಲ್ಲಿ ಹೊಡೆದರೂ ಬದಲಿ ಪದ ಬರೆದಿಟ್ಟ ಹಾಗೇ ಬರುತ್ತೆ. ಬರೀ ಸಿ ಹಾಕಿದರೆ ಬೇರೆ ಅರ್ಥ, ಕೇಸ್ ಹೊಂದಿದರೆ ಮಾತ್ರ ಓಡುತ್ತೆ. ಪಿಎಚ್, ಆರ್‌ಎಚ್, ಎಂಎಲ್, ಎಂಇಕ್ಯೂ, ಎ1ಸಿ ಇಂಥ ದೊಡ್ಡ ಚಿಕ್ಕ ಅಕ್ಷರ ಬೆರೆತ ಸಂಕ್ಷೇಪಗಳಿಗೆಲ್ಲ ಸಿ1 ಕಡ್ಡಾಯ. ಎ1ಸಿಯಲ್ಲಿ ಕೊನೇ ಸಿ ಸ್ಮಾಲ್, ಎಂಎಲ್‌ನಲ್ಲಿ ಎಲ್ ಕ್ಯಾಪಿಟಲ್. ಸ್ಮಾಲ್ ಎಲ್ ಒಂದರ ಅಂಕೆ ಥರ ಕಾಣುತ್ತೆ ಅನ್ನೋದೇ ಕಾರಣ.

ಮಂಡ್ಯದ್_ಐದ · 11:03
ಸಿ1 ಸಿ2 ಬುಡಿ. ಮೂರು ಒತ್ತಿಗೆ 20 ಅಕ್ಸರ ಅಂದ್ರಲ್ಲ, ಅಮ್ಯಾಕೆ ಅದೇ ನೋಡ್ಕಂಡು ಕಂಪನಿಯೋರು ದರ ಇಳುಸ್ಲಿಲ್ವಾ? "ಎಕ್ಸ್‌ಪಾಂಡರ್ ಐತಲ್ಲ, ಸುಲಭ ಆಯ್ತಲ್ಲ" ಅಂತ. ಈಗ ವಿಆರ್ ಡ್ರಾಫ್ಟ್ (ಮಾತು ಕೇಳಿ ಕಂಪ್ಯೂಟ್ರೇ ಹೊಡ್ದಿದ್ದು) ಬಂದದೆ, ಎಡಿಟಿಂಗ್ ಲೈನ್‌ಗೆ ಟೈಪಿಂಗ್ ಲೈನ್‌ಗಿಂತ ಕಮ್ಮಿ. ಆ ಡ್ರಾಫ್ಟ್‌ನಾಗೆ ಕ್ಯಾಪಿಟಲ್ ತಿದ್ದೋಕೆ ಹೋದ್ರೆ ಒಂದು ಅಕ್ಸರಾನೂ ಹೆಚ್ಚಾಗಕಿಲ್ಲ, ಸ್ಮಾಲ್ ಹೋಗಿ ಕ್ಯಾಪಿಟಲ್ ಆದ್ರೂ ಲೆಕ್ಕ ಅಷ್ಟೇ. ಶುದ್ಧ ಬಿಟ್ಟಿ ಕೆಲಸ.

ಸರಸ್ವತಿಪುರಂ_ಎಂಟಿ · 11:08
ಫಸ್ಟ್ ಲೆಟರ್ ಟ್ಯಾಬಲ್ಲಿ ಹಾಕಿದೆ, ಸದ್ಯಕ್ಕೆ ನಿಂತಿದೆ. ಆದರೆ ಆಟೋಕರೆಕ್ಟ್‌ನಲ್ಲಿ ಮೊದಲು ಮಾಡಿಟ್ಟಿದ್ದ ಶಾರ್ಟ್‌ಕಟ್‌ಗಳು ಕೆಲವು ಫೈಲಲ್ಲಿ ಓಡ್ತವೆ, ಕೆಲವಲ್ಲಿ ಓಡಲ್ಲ. ಯಾಕೆ?

ಹಳೇ_ಪೆಡಲ್ · 11:14
ಕಿಟಕಿಯ ತಲೆಬರಹ ನೋಡಿ, "ಆಟೋಕರೆಕ್ಟ್: ಇಂಗ್ಲಿಷ್" ಆದಮೇಲೆ ಆವರಣದಲ್ಲಿ ಯಾವ ದೇಶ ಅಂತಿರುತ್ತೆ. ಪಟ್ಟಿ ಭಾಷೆಗೊಂದು. ಅಮೆರಿಕ ಇಂಗ್ಲಿಷ್‌ದು ಎಂಎಸ್‌ಒ1033 ಅನ್ನೋ ಎಸಿಎಲ್ ಫೈಲಲ್ಲಿ, ಭಾರತದ ಇಂಗ್ಲಿಷ್‌ನ ಸಂಖ್ಯೆ 16393. ಕೀಬೋರ್ಡ್ ಇಂಗ್ಲಿಷ್ ಇಂಡಿಯಾಕ್ಕೆ ಜಾರಿದ್ದರೆ ಹಳೇ ಶಾರ್ಟ್‌ಕಟ್ ಸಿಗಲ್ಲ. ಕಂಟ್ರೋಲ್ ಎ ಒತ್ತಿ ಎಲ್ಲ ಆಯ್ಕೆ ಮಾಡಿ, ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್, ಅಮೆರಿಕ. ಟೆಂಪ್ಲೇಟ್‌ನಲ್ಲೂ ಅದನ್ನೇ ಉಳಿಸಿ. ಕೆಳಗಡೆ ಟಾಸ್ಕ್‌ಬಾರಿನ ಕೀಬೋರ್ಡ್‌ ಭಾಷೆಯನ್ನೂ ನೋಡಿ.

ಕ್ಯೂಎ_ಕಣ್ಣು · 11:20
"ಬಿಟ್ಟಿ ಕೆಲಸ" ಅಂದರಲ್ಲ ಮಂಡ್ಯದವರು, ಕ್ಯಾಪಿಟಲ್ ಅಲಂಕಾರ ಅಂದ್ಕೊಂಡಿದ್ದೀರಾ? ಎಂ ಸ್ಮಾಲ್ ಜಿ ಸ್ಮಾಲ್ ಮಿಲಿಗ್ರಾಂ. ಎಂ ಕ್ಯಾಪಿಟಲ್ ಆದರೆ ಮೆಗ್ನೀಷಿಯಂ. ಎಂಎಸ್ ಸ್ಮಾಲ್ ಮಿಲಿಸೆಕೆಂಡ್. ಎರಡೂ ಕ್ಯಾಪಿಟಲ್ ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ಸೂ ಆಗಬಹುದು, ಮಾರ್ಫಿನ್ ಸಲ್ಫೇಟೂ ಆಗಬಹುದು, ಮೆಗ್ನೀಷಿಯಂ ಸಲ್ಫೇಟೂ ಆಗಬಹುದು. ಔಷಧಿಗೆ ಅದನ್ನ ಬಳಸಬಾರದು ಅಂತ ಜಾಯಿಂಟ್ ಕಮಿಷನ್ ಹೇಳಿರೋದು ಅದಕ್ಕೇ. ಇಸಿಜಿ ವರದಿಯಲ್ಲಿ ಸ್ಮಾಲ್ ಆರ್, ಕ್ಯಾಪಿಟಲ್ ಎಸ್ ಅಂತ ಡಾಕ್ಟರ್ ಹೇಳಿದರೆ ಆರ್ ತರಂಗ ಚಿಕ್ಕದು, ಎಸ್ ದೊಡ್ಡದು ಅಂತಲೇ ಅರ್ಥ. ಎರಡನ್ನೂ ಕ್ಯಾಪಿಟಲ್ ಮಾಡಿ ಕಳಿಸಿದರೆ ವರದಿಯ ಅರ್ಥವೇ ಬದಲಾಯ್ತು. ಕ್ವಾಲಿಟಿಗೆ ಬೇಕಾದ ಶೇ 98 ಅಂಕ ಬರಲಿಲ್ಲ ಅಂತ ಆಮೇಲೆ ನಮ್ಮ ಮೇಲೆ ರೇಗಬೇಡಿ.

ಮಂಡ್ಯದ್_ಐದ · 11:26
ಇಸಿಜಿ ಹಿಡ್ಕಂಡ್ರು ನೋಡಪ್ಪ. ದಿನಕ್ಕೆ ಎಷ್ಟು ಇಸಿಜಿ ಬರ್ತವೆ? ನೀವು ಅಂಕ ಕಿತ್ಕಳೋದು ಗ್ರಾಮ್ ನೆಗೆಟಿವ್‌ಗೆ ಜಿ ಕ್ಯಾಪಿಟಲ್ ಹಾಕ್ದೆ ಅಂತ. ಗ್ರಾಮ್ ಅನ್ನೋದು ಮನುಸನ ಹೆಸ್ರು ಕಣ್ರೀ, 1884ರಲ್ಲಿ ಆ ಬಣ್ಣ ಹಾಕೋದ ಕಂಡುಹಿಡ್ದ ಡೆನ್ಮಾರ್ಕ್‌ನೋನು. ಹೆಸ್ರಿಗೆ ಕ್ಯಾಪಿಟಲ್ ಬ್ಯಾಡ್ವಾ?

ಕ್ಯೂಎ_ಕಣ್ಣು · 11:29
ಗ್ರಾಮ್ ಸ್ಟೇನ್ ಅಂದಾಗ ಕ್ಯಾಪಿಟಲ್. ಗ್ರಾಮ್ ನೆಗೆಟಿವ್, ಗ್ರಾಮ್ ಪಾಸಿಟಿವ್ ಅನ್ನೋ ವಿಶೇಷಣದಲ್ಲಿ ಸ್ಮಾಲ್, ಹೈಫನ್ ಸಮೇತ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಶೈಲಿಯೂ ಅದೇ, ಟ್ರಾನ್ಸ್‌ಕ್ರಿಪ್ಷನ್‌ನವರ ಸಂಘ ಎಎಚ್‌ಡಿಐ ಶೈಲಿಯೂ ಅದೇ. ಪಾರ್ಕಿನ್ಸನ್ ಡಿಸೀಸ್‌ಗೆ ಪಿ ಕ್ಯಾಪಿಟಲ್, ಡಿ ಸ್ಮಾಲ್. ಪಾರ್ಕಿನ್ಸೋನಿಯನ್‌ಗೆ ಪೂರ್ತಿ ಸ್ಮಾಲ್. ಫೋಲಿ ಕ್ಯಾತಿಟರ್ (ಮೂತ್ರದ ಕೊಳವೆ) ಅಂದಾಗ ಫೋಲಿಗೆ ಕ್ಯಾಪಿಟಲ್, ಕ್ಯಾತಿಟರ್‌ಗೆ ಸ್ಮಾಲ್. ಇದರಲ್ಲಿ ಹೊಸದೇನಿದೆ?

ಕುವೆಂಪುನಗರ_ನೈಟ್‌ಶಿಫ್ಟ್ · 11:47
ಎಲ್ಲ ಓದಿದೆ. ಲೆಕ್ಕದ ಜಗಳದಲ್ಲಿ ಒಂದು ಬಿಟ್ಟಿದ್ದೀರಿ: ಪೂರ್ಣವಿರಾಮ ಆದ್ಮೇಲೆ ಒಂದು ಸ್ಪೇಸಾ, ಎರಡಾ? ಹಳೇ ಟೈಪ್‌ರೈಟಿಂಗ್ ಕ್ಲಾಸಲ್ಲಿ ಕಲಿತವರ ಹೆಬ್ಬೆರಳು ಎರಡು ಹೊಡೆಯುತ್ತೆ. 65 ಅಕ್ಷರದ ಲೆಕ್ಕದಲ್ಲಿ ಸ್ಪೇಸ್ ಸೇರೋದಾದರೆ 100 ವಾಕ್ಯಕ್ಕೆ 100 ಅಕ್ಷರ, ಅಂದರೆ ಒಂದೂವರೆ ಲೈನ್ ಪುಕ್ಕಟೆ.

ಮಂಡ್ಯದ್_ಐದ · 11:49
ಪುಕ್ಕಟೆ ಅಂತೀರಾ? ಹೆಬ್ಬೆರಳು ನಮ್ದು.

ಹಾಟ್‌ಸ್ಟ್ರಿಂಗ್ · 11:53
2020ರಿಂದ ವರ್ಡ್ ಎರಡು ಸ್ಪೇಸ್‌ಗೆ ತಪ್ಪು ಅಂತ ಗೆರೆ ಎಳೆಯುತ್ತೆ. ಎಣಿಸೋ ಮುಂಚೆ ಜೋಡಿ ಸ್ಪೇಸನ್ನ ಒಂದು ಮಾಡೋಕೆ ಫೈಂಡ್ ರಿಪ್ಲೇಸ್ ಒಂದು ಸಾಕು, ಅರ್ಧ ನಿಮಿಷದ ಕೆಲಸ. ಆ ಒಂದೂವರೆ ಲೈನ್ ನಂಬಿಕೊಂಡು ಕೂರಬೇಡಿ.

ಹಳೇ_ಪೆಡಲ್ · 11:58
ಗೆರೆ ಎಳೆದರೆ ತಪ್ಪಾಗಿಬಿಡುತ್ತಾ? ವರ್ಡ್ ಎಷ್ಟೋ ಔಷಧಿ ಹೆಸರಿನ ಕೆಳಗೂ ಕೆಂಪು ಗೆರೆ ಎಳೆಯುತ್ತೆ. ಅಕೌಂಟ್ ಸ್ಪೆಸಿಫಿಕ್ಸ್‌ನಲ್ಲಿ, ಅಂದರೆ ಆಯಾ ಆಸ್ಪತ್ರೆ ಕೊಟ್ಟ ನಿಯಮದಲ್ಲಿ, ಎರಡು ಸ್ಪೇಸ್ ಅಂತಿದ್ದರೆ ಎರಡೇ. ಆಸ್ಪತ್ರೆ ಕೇಳಿದ್ದು ಕೊಡೋದು ನಮ್ಮ ಕೆಲಸ, ಮೈಕ್ರೋಸಾಫ್ಟ್ ಕೇಳಿದ್ದಲ್ಲ.

ಕುವೆಂಪುನಗರ_ನೈಟ್‌ಶಿಫ್ಟ್ · 12:06
"ಆಸ್ಪತ್ರೆ ಕೇಳಿದ್ದು ಕೊಡೋದು" ಅಂತಾದರೆ ಅಲರ್ಜಿ ಸಾಲು? ಒಂದು ಅಕೌಂಟ್ ಪೆನಿಸಿಲಿನ್ ಪೂರ್ತಿ ಕ್ಯಾಪಿಟಲ್ ಬೇಕು ಅನ್ನುತ್ತೆ, ಇನ್ನೊಂದು ಬೋಲ್ಡ್ ಸಾಕು ಅನ್ನುತ್ತೆ. ಬೋಲ್ಡ್ ಹಾಕಿದ್ದು ಎಚ್‌ಎಲ್7 (ಆಸ್ಪತ್ರೆ ಸಿಸ್ಟಂಗಳ ನಡುವೆ ಮಾಹಿತಿ ಸಾಗಿಸೋ ಪದ್ಧತಿ) ಮೂಲಕ ಸಾದಾ ಪಠ್ಯವಾಗಿ ಆಸ್ಪತ್ರೆ ಸಿಸ್ಟಂಗೆ ಹೋದಾಗ ಉದುರಿಹೋಗುತ್ತೆ, ಕ್ಯಾಪಿಟಲ್ ಮಾತ್ರ ಉಳಿಯುತ್ತೆ. ಹಾಗಾಗಿ ಕ್ಯಾಪಿಟಲೇ ಸರಿ. ಅದೇ ನ್ಯಾಯದಲ್ಲಿ ಟಾಲ್ ಮ್ಯಾನ್ ಅಕ್ಷರಾನೂ (ಒಂದೇ ಥರದ ಔಷಧಿ ಹೆಸರಲ್ಲಿ ಬೇರೆ ಇರೋ ಭಾಗ ಮಾತ್ರ ಕ್ಯಾಪಿಟಲ್) ಎಲ್ಲರೂ ಬಳಸಬೇಕು ಅಂತೀನಿ. ಹೈಡ್ರಾಕ್ಸಿಜಿನ್, ಹೈಡ್ರಲಜಿನ್ ಎರಡೂ ಡಿಕ್ಟೇಶನ್‌ನಲ್ಲಿ ಒಂದೇ ಥರ ಕೇಳುತ್ತೆ. ಒಂದು ತುರಿಕೆಗೆ, ಒಂದು ಬಿಪಿಗೆ. ಮೊದಲನೇದರಲ್ಲಿ ಆಕ್ಸಿ ಭಾಗ, ಎರಡನೇದರಲ್ಲಿ ಅಲಜಿನ್ ಭಾಗ ಕ್ಯಾಪಿಟಲ್ ಮಾಡಿದರೆ ನರ್ಸ್ ಕಣ್ಣಿಗೆ ಹೊಡೆಯುತ್ತೆ.

ಕ್ಯೂಎ_ಕಣ್ಣು · 12:15
ಟಾಲ್ ಮ್ಯಾನ್ ಇರೋದು ಲೇಬಲ್‌ಗೆ, ಫಾರ್ಮಸಿ ಪರದೆಗೆ, ಡ್ರಾಪ್‌ಡೌನ್ ಪಟ್ಟಿಗೆ. ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ 2001ರಲ್ಲಿ ಔಷಧಿ ತಯಾರಕರಿಗೆ ಹೇಳಿದ್ದು, ನಮಗಲ್ಲ. ಡಿಸ್ಚಾರ್ಜ್ ಸಮ್ಮರಿಯ ಇಪ್ಪತ್ತು ಔಷಧಿಗೂ ಹೀಗೆ ಮಾಡಿ, ಮೇಲೆ ಅಲರ್ಜಿ, ಹೆಡಿಂಗ್ ಎಲ್ಲ ಕ್ಯಾಪಿಟಲ್ ಇಟ್ಟರೆ ದಸರಾ ದೀಪ ಹಾಕಿದ ಅರಮನೆ ಥರ ಪುಟ ಪೂರ್ತಿ ಬೆಳಗುತ್ತೆ, ಯಾವುದು ಮುಖ್ಯ ಅಂತ ಯಾರಿಗೂ ಕಾಣಲ್ಲ. ನಮ್ಮ ನಿಯಮ ಸರಳ: ಬ್ರ್ಯಾಂಡ್ ಕ್ಯಾಪಿಟಲ್, ಜೆನೆರಿಕ್ ಸ್ಮಾಲ್. ಲೇಸಿಕ್ಸ್ ಎಲ್ ಕ್ಯಾಪಿಟಲ್, ಫ್ಯೂರೋಸಮೈಡ್ ಎಫ್ ಸ್ಮಾಲ್. ಕೇಳಿದ್ದರಲ್ಲಿ ಅನುಮಾನ ಇದ್ದರೆ ಬ್ಲ್ಯಾಂಕ್ ಬಿಡಿ, ಕ್ಯಾಪಿಟಲ್ ಹಾಕಿ ಊಹೆ ಮುಚ್ಚಬೇಡಿ.

ಹಾಟ್‌ಸ್ಟ್ರಿಂಗ್ · 12:22
"ಸರಳ" ಅಂತೆ. ನೋವೋಲಾಗ್ ಮಧ್ಯದಲ್ಲಿ ಎಲ್ ಕ್ಯಾಪಿಟಲ್, ಹ್ಯೂಮಲಾಗ್ ಮಧ್ಯದಲ್ಲಿ ಎಲ್ ಸ್ಮಾಲ್. ಎರಡೂ ಇನ್ಸುಲಿನ್. ಆಸ್ಪಿರಿನ್ ಅಮೆರಿಕದ ವರದಿಯಲ್ಲಿ ಸ್ಮಾಲ್, ಕೆನಡಾದಲ್ಲಿ ಬಾಯರ್‌ನವರ ಟ್ರೇಡ್‌ಮಾರ್ಕ್, ಕ್ಯಾಪಿಟಲ್. ಸರಳ!

ಮಂಡ್ಯದ್_ಐದ · 12:27
ಕೆನಡಾ ಅಕೌಂಟ್ ಮಾಡೋರು ಇಲ್ಲಿ ಯಾರವ್ರೆ? ಸುಮ್ಕೆ ಗೆಲ್ಲೋಕೆ ಏನಾದ್ರೂ ತಂದು ಹಾಕೋದು.

ಹಾಟ್‌ಸ್ಟ್ರಿಂಗ್ · 12:30
ಇದ್ದಾರೆ. ನಿಮಗೆ ಗೊತ್ತಿಲ್ಲದಿದ್ದರೆ ಇಲ್ಲ ಅಂತಲ್ಲ.

ಸರಸ್ವತಿಪುರಂ_ಎಂಟಿ · 12:34
ಪ್ರೂಫಿಂಗ್ ಭಾಷೆ ಇಂಡಿಯಾ ಅಂತಲೇ ಇತ್ತು, ಬದಲಾಯಿಸಿದ ಮೇಲೆ ಶಾರ್ಟ್‌ಕಟ್ ಓಡ್ತಿದೆ, ಧನ್ಯವಾದ ಸಾರ್. ಕೊನೇದೊಂದು: ಕ್ಯಾಪ್ಸ್ ಲಾಕ್ ಕೈ ತಾಗಿ ಆನ್ ಆಗಿ ಅರ್ಧ ಪ್ಯಾರಾ ಕ್ಯಾಪಿಟಲಲ್ಲಿ ಹೋಗುತ್ತೆ. ಕಣ್ಣು ಪರದೆ ಮೇಲಿರಲ್ಲ, ಕಿವಿ ಡಿಕ್ಟೇಶನ್ ಮೇಲೆ.

ಹಳೇ_ಪೆಡಲ್ · 12:39
ಆದದ್ದಕ್ಕೆ: ಆ ಭಾಗ ಆಯ್ಕೆ ಮಾಡಿ ಶಿಫ್ಟ್ ಎಫ್3. ಒತ್ತಿದಂತೆಲ್ಲ ಕೇಸ್ ಬದಲಾಗ್ತಾ ಹೋಗುತ್ತೆ. ಆದರೆ ವಾಕ್ಯದ ಕೇಸ್‌ಗೆ ತಂದಾಗ ಲೇಸಿಕ್ಸೂ ಸ್ಮಾಲ್ ಆಗುತ್ತೆ, ಸಿಒಪಿಡಿ ಅನ್ನೋ ಕಾಯಿಲೆ ಹೆಸರೂ ಸ್ಮಾಲ್ ಆಗುತ್ತೆ, ಅವನ್ನ ಕೈಯಲ್ಲೇ ಎತ್ತಬೇಕು. ಆಗದಂತೆ ತಡೆಯೋಕೆ ವಿಂಡೋಸ್‌ನ ಟಾಗಲ್ ಕೀಸ್ ಆನ್ ಮಾಡಿ, ಕ್ಯಾಪ್ಸ್ ಲಾಕ್ ತಾಗಿದರೆ ಬೀಪ್ ಅನ್ನುತ್ತೆ.

ಹಾಟ್‌ಸ್ಟ್ರಿಂಗ್ · 12:44
ಬೀಪ್ ಹೆಡ್‌ಫೋನಲ್ಲಿ ಹೊಡೆಯುತ್ತೆ ಸಾರ್, ಅದೇ ಕ್ಷಣದ ಡೋಸ್ ಕಿವಿಗೆ ಬೀಳಲ್ಲ. "ಫಿಫ್ಟೀನ್" ಅಂದರಾ "ಫಿಫ್ಟಿ" ಅಂದರಾ ಅಂತ ಆಡಿಯೋ ಓಡಿಸೋ ಪೆಡಲ್ ಹಿಂದಕ್ಕೆ ಒತ್ತಿ ಮತ್ತೆ ಕೇಳಬೇಕು. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಹಾಕಿ ಕ್ಯಾಪ್ಸ್ ಲಾಕನ್ನೇ ಬೇರೆ ಕೀಲಿ ಮಾಡಿ, ಅಥವಾ ಡಿಸೇಬಲ್.

ಮಂಡ್ಯದ್_ಐದ · 12:46
ಡಿಸೇಬಲ್ ಮಾಡುದ್ರೆ "ಅಸೆಸ್‌ಮೆಂಟ್ ಆ್ಯಂಡ್ ಪ್ಲ್ಯಾನ್" ಪೂರ್ತಿ ಶಿಫ್ಟ್ ಹಿಡ್ಕಂಡೇ ಹೊಡೀಬೇಕು. ಆ ಶಿಫ್ಟ್‌ಗೂ ಕಾಸಿಲ್ಲ.

ಹಾಟ್‌ಸ್ಟ್ರಿಂಗ್ · 12:47
ಎ, ಪಿ, ಸ್ಪೇಸ್.

ಮಂಡ್ಯದ್_ಐದ · 12:48
ಆಸ್ಪತ್ರೆ ವೆಬ್ ಕಿಟಕಿನಾಗೇ ಟೈಪ್ ಮಾಡ್ಬೇಕು, ಹೊರಗಿನ ಪ್ರೋಗ್ರಾಂ ಹಾಕಂಗಿಲ್ಲ ಅನ್ನೋ ಅಕೌಂಟಲ್ಲಿ ಒತ್ತಿ ನೋಡಿ ನಿಮ್ಮ ಎ ಪಿ ಸ್ಪೇಸ್. ಎ ಪಿ ಅಂತಲೇ ಬೀಳುತ್ತೆ.