‘ದೇವಿ’ ಸಿನಿಮಾ: ದಯಾಮಯಿ ಯಾಕೆ ದೋಣಿ ಹತ್ತಲಿಲ್ಲ?

ಪ್ರಶ್ನೆ:
ಸತ್ಯಜಿತ್ ರೇ ಅವರ ‘ದೇವಿ’ಯನ್ನು (1960) ನಿನ್ನೆ ರಾತ್ರಿ ಅತ್ತೆಯ ಜೊತೆ ಕೂತು ನೋಡಿದೆ. ಮಾವ ಕಾಳಿಕಿಂಕರನಿಗೆ ಕನಸು ಬೀಳುತ್ತದೆ. ಕಾಳಿಯ ಮೂರು ಕಣ್ಣು ಬಂದು ಕಿರಿ ಸೊಸೆ ದಯಾಮಯಿಯ ಮುಖದಲ್ಲಿ ಸೇರಿಕೊಳ್ಳುತ್ತವೆ. ಎದ್ದವನೇ ಅವಳ ಕಾಲಿಗೆ ಬೀಳುತ್ತಾನೆ. ಆಮೇಲೆ ಅವಳಿಗೆ ಬರೀ ಆರತಿ, ಗಂಟೆ, ಹೊಗೆ. ಗಂಡ ಉಮಾಪ್ರಸಾದ ಕಲ್ಕತ್ತೆಯಿಂದ ಬಂದು ರಾತ್ರೋರಾತ್ರಿ ಕರೆದುಕೊಂಡು ಹೊರಡುತ್ತಾನೆ. ನದಿ ದಡದವರೆಗೆ ಬಂದವಳು ನಿಂತುಬಿಡುತ್ತಾಳೆ! "ಹೋಗೇ ಹುಡುಗಿ" ಅಂತ ನಮ್ಮತ್ತೆ ಟಿವಿಗೇ ಹೇಳಿದರು. ಯಾಕೆ ಹೋಗಲಿಲ್ಲ?

ಉತ್ತರ 1:
ಅಷ್ಟರಲ್ಲಿ ಅವಳ ಮುಂದೆ ತಂದು ಮಲಗಿಸಿದ ಯಾರದೋ ಕಾಯಿಲೆ ಮಗು ಕಣ್ಣು ಬಿಟ್ಟಿತ್ತಲ್ಲ. ದಡದಲ್ಲಿ ನೀರಿಗೆ ಬಿಟ್ಟ ವಿಗ್ರಹದ ಹಂದರ ಕಾಣುತ್ತದೆ. ನಾನು ನಿಜಕ್ಕೂ ದೇವಿಯೇ ಆಗಿದ್ದರೆ ಅನ್ನೋ ಹೆದರಿಕೆ ಅವಳಿಗೆ.

ಉತ್ತರ 2:
ನಾನು ಆರು ವರ್ಷ ಕೋಲ್ಕತ್ತದಲ್ಲಿ ಬಾಡಿಗೆಗಿದ್ದೆ. ಮನೆ ಮಾಲೀಕರು ಸೊಸೆಯನ್ನು ‘ಬೌಮಾ’ ಅಂತ ಕರೆಯುತ್ತಿದ್ದರು (ಬೌ ಅಂದರೆ ಸೊಸೆ, ಮಾ ಅಂದರೆ ಅಮ್ಮ). ಸಂಜೆ ಪೂಜೆಗೆ ಕೂತರೆ ಕಾಳಿಗೂ ‘ಮಾ’. ನಾವೂ ಸೊಸೆಗೆ "ಬಾರಮ್ಮ" ಅನ್ನಲ್ವಾ? ಕಾಳಿಕಿಂಕರ ಮೊದಲು ಪ್ರೀತಿಯಿಂದಲೇ ‘ಮಾ’ ಅನ್ನುತ್ತಿದ್ದ. ಕನಸಾದ ಮೇಲೆ ಪದ ಅದೇ, ಅರ್ಥ ಬೇರೆ. ಬೇಡ ಅನ್ನಲು ಅವಳಿಗೆ ಎಲ್ಲಿ ಜಾಗ? ಮಾವ ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದೇ ಅವಳ ದೈವತ್ವ ಆಯಿತು. (ಅವನ ಹೆಸರಿನ ಅರ್ಥ ಕಾಳಿಯ ಸೇವಕ. ರೇ ಏನನ್ನೂ ಸುಮ್ನೆ ಇಡುವವರಲ್ಲ ಅನ್ನೋಣ ಅಂದರೆ, ಮೂಲ ಕಥೆ ಪ್ರಭಾತ್ ಕುಮಾರ್ ಮುಖೋಪಾಧ್ಯಾಯರದು.)

ಉತ್ತರ 3:
ರೇ ಅವರದೇ ‘ಅಪುರ್ ಸಂಸಾರ್’ ಸಿನಿಮಾದ ಜೋಡಿಯೇ ಇಲ್ಲೂ ಇದೆ, ಸೌಮಿತ್ರ ಮತ್ತು ಶರ್ಮಿಳಾ. ಅದನ್ನು ನೋಡಿ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನನಗೆ ಜಾಸ್ತಿ ಕಾಡಿದ್ದು ಹಿರಿ ಸೊಸೆಯ ಮಗ ಖೋಕಾ. ಚಿಕ್ಕಮ್ಮನ ಸೆರಗು ಬಿಡದ ಮಗು ಅವಳು ದೇವಿಯಾದ ಮೇಲೆ ದೂರವೇ ನಿಲ್ಲುತ್ತದೆ. ಕೊನೆಗೆ ಜ್ವರ ಬಂದಾಗ ಅದನ್ನೇ ತಂದು ಅವಳ ತೊಡೆಗೆ ಹಾಕುತ್ತಾರೆ.

ಪ್ರಶ್ನೆ ಕೇಳಿದವಳು:
ಬೌಮಾ ವಿಷಯ ಅತ್ತೆಗೆ ಓದಿ ಹೇಳಿದೆ. ಅವರ ಸಿಟ್ಟು ಈಗ ಮಾವನ ಮೇಲಲ್ಲ, ಹಿರಿ ಸೊಸೆ ಹರಸುಂದರಿಯ ಮೇಲೆ. "ಅವಳೊಬ್ಬಳೇ ಇದನ್ನೆಲ್ಲ ನಂಬದವಳು. ವೈದ್ಯರೇ ಬೇಕು ಅಂತ ಹಟ ಹಿಡಿಯೋದು ಬಿಟ್ಟು ಮಗುವನ್ನ ಕೊಟ್ಟಳಲ್ಲ" ಅಂತ ಬೆಳಗ್ಗೆಯಿಂದ ಅದನ್ನೇ ಹೇಳುತ್ತಿದ್ದಾರೆ.