ಸಹಾಯ ಬೇಕು: ತಂಗಿ ಮದುವೆಗೆ ಪ್ಲಾನರ್ ಬೇಕಾ, ಕೋಆರ್ಡಿನೇಟರ್ ಸಾಕಾ?

ಎಲ್ಲರಿಗೂ ನಮಸ್ಕಾರ. ಮದುವೆಗೆ ಇನ್ನು 4 ತಿಂಗಳಿದೆ. ಹಾಲ್, ಅಡುಗೆಯವರು, ಫೋಟೋಗ್ರಾಫರ್ ಎಲ್ಲರಿಗೂ ಅಡ್ವಾನ್ಸ್ ಕೊಟ್ಟಾಗಿದೆ. ಅಲಂಕಾರದವರು ಮಾತ್ರ ಸಿಕ್ಕಿಲ್ಲ. ಬಜೆಟ್ ಹಾಕಿ, ಜನ ಹುಡುಕಿ, ಮೊದಲಿಂದ ಎಲ್ಲ ನೋಡಿಕೊಳ್ಳೋರು ಪ್ಲಾನರ್. ಕೋಆರ್ಡಿನೇಟರ್ ಸಾಮಾನ್ಯವಾಗಿ ಕೊನೆಯ ಕೆಲವು ವಾರಗಳಲ್ಲಿ ಬಂದು, ನಾವು ಗೊತ್ತು ಮಾಡಿದ್ದನ್ನೇ ಆ ದಿನ ನಡೆಸಿಕೊಡ್ತಾರೆ. ಹಾಗಾಗಿ ನಮಗೆ ಅವರೇ ಸಾಕು ಅನ್ಸುತ್ತೆ.

ಅಣ್ಣನ ಮದುವೇಲಿ ಅಮ್ಮ ಇಡೀ ದಿನ ಫೋನ್ ಕಿವಿಗಿಟ್ಟುಕೊಂಡೇ ಓಡಾಡಿದರು, ಒಂದು ಫೋಟೋಗೂ ನೆಮ್ಮದಿಯಾಗಿ ನಿಲ್ಲಲಿಲ್ಲ. ಈ ಸಲ ಹಾಗಾಗಬಾರದು.

ಹಾಲ್‌ನವರು 'ನಮ್ಮಲ್ಲೇ ಕೋಆರ್ಡಿನೇಟರ್ ಇದ್ದಾರೆ' ಅಂತಾರೆ. ಅವರು ಹಾಲ್ ಕೆಲಸ ಬಿಟ್ಟು ನಾವು ಕರೆಸಿದ ಬೇರೆಯವರನ್ನೂ ನೋಡಿಕೊಳ್ತಾರಾ? ಅಗ್ರಿಮೆಂಟ್‌ನಲ್ಲಿ ಏನೇನು ಬರೆಸಿಕೊಳ್ಳಬೇಕು? ಅನುಭವ ಇದ್ದೋರು ದಯವಿಟ್ಟು ಹೇಳಿ.